ಗೃಹ ಕೈಗಾರಿಕೆಯ ಸರಕಿಗೆ ಗಿರಾಕಿಗಳನ್ನು ಒದಗಿಸಿಕೊಳ್ಳುವ ಬಗೆ: ಬಾಳೆಕಾಯಿ ಹುಡಿಯ ನಿದರ್ಶನ

ಬೆಳೆದ ಫಲವನ್ನು ಇದ್ದಂತೆಯೇ ಮಂಡಿಗೆ ಸಾಗಿಸಿ ವರ್ತಕರು ಹೇಳಿದ ಕ್ರಯಕ್ಕೆ ಕೊಟ್ಟು ಬರುವುದಕ್ಕಿಂತ, ಅದನ್ನು ಮನೆಯಲ್ಲಿಯೇ ಒಣಗಿಸಿಯೋ ಹುಡಿಮಾಡಿಯೋ ಮಾರುವುದು ಲಾಭಕರವೆಂಬ ಮಾತನ್ನು ನಮ್ಮ ರೈತರು ಹಲವು ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. ಮಾತು ನಿಜವೇ, ಆದರೆ ಅರ್ಧ ನಿಜ. ಹಸಿ ಬಾಳೆಕಾಯಿಗೆ ಬೆಲೆ ಕುಸಿದರೂ ಅದನ್ನು ಕೊಳ್ಳುವ ಮಂಡಿಯೆಂಬುದೊಂದು ಉಂಟು. ಬಾಳೆಕಾಯಿಯ ಹುಡಿಗೆ ಮಂಡಿಯೇ ಇಲ್ಲ. ಅದನ್ನು ಎಂದೂ ಕಾಣದ, ಏತಕ್ಕೆ ಬಳಸಬೇಕೆಂದು ಅರಿಯದ ಜನರ ಮುಂದೆ ಪೊಟ್ಟಣವನ್ನಿಟ್ಟು ಕುಳಿತರೆ ಅದು ಅಲ್ಲಿಯೇ ಹುಳು ಹಿಡಿಯುವುದು. ಹುಡಿಮಾಡುವ ಯಂತ್ರಕ್ಕೂ ಒಣಗಿಸುವ ಗೂಡಿಗೂ ಸಾಲ ತಂದು ಹಣ ಹೂಡಿದ ಕುಟುಂಬಕ್ಕೆ ಇದರಿಂದ ಉಂಟಾಗುವ ನಷ್ಟ, ಹಸಿಕಾಯಿಯನ್ನು ಅಗ್ಗವಾಗಿ ಮಾರಿದ ನಷ್ಟಕ್ಕಿಂತ ಹೆಚ್ಚಿನದು.

ಹೀಗಿರಲು, ಸಣ್ಣ ಉದ್ಯಮಗಾರನು ಸರಕನ್ನು ತಯಾರಿಸುವುದರ ಜತೆಗೆ ಅದರ ತಿಳಿವಳಿಕೆಯನ್ನೂ ತಯಾರಿಸಿ ಜನರಿಗೆ ಒದಗಿಸಬೇಕಾಗುತ್ತದೆ. ಇದನ್ನು ಜಾಹೀರಾತೆಂದು ಭಾವಿಸಿ, ಅದು ದೊಡ್ಡ ಕಂಪೆನಿಗಳವರ ಕೆಲಸವೆಂದು ಅನೇಕರು ಕೈಬಿಡುತ್ತಾರೆ. ನಾವು ಇಲ್ಲಿ ಹೇಳಹೊರಟಿರುವುದು ಅದನ್ನಲ್ಲ. ಸರಕನ್ನು ಹೊಗಳುವ ನಾಲ್ಕು ಮಾತಿಗಿಂತ, ಅದನ್ನು ಹೇಗೆ ಮಾಡಿದೆವು, ಹೇಗೆ ಬಳಸಬೇಕು, ಏಕೆ ಇಷ್ಟು ಬೆಲೆ ಎಂಬುದನ್ನು ಸರಳವಾಗಿ, ಕ್ರಮವಾಗಿ, ತಿಂಗಳು ತಿಂಗಳೂ ಬರೆದು ತಿಳಿಸುವುದೇ ಹೆಚ್ಚು ಫಲಕಾರಿಯೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಬೇಕಾದುದು ಹಣವಲ್ಲ, ಬಿಡುವು ಮತ್ತು ಪ್ರಾಮಾಣಿಕತೆ.

ನಮ್ಮ ನಾಡಿನಲ್ಲಿಯೇ ನಡೆದ ಒಂದು ಸಂಗತಿಯನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. 2021ರಲ್ಲಿ ಕೋವಿಡ್ ವ್ಯಾಧಿಯ ಎರಡನೆಯ ಅಲೆಯ ಕಾರಣ ಲಾಕ್‌ಡೌನ್ ವಿಧಿಸಲ್ಪಟ್ಟಾಗ ಬಾಳೆ ಬೆಳೆದವರು ಸರಕನ್ನು ಸಾಗಿಸಲಾರದೆ ಕಷ್ಟಕ್ಕೊಳಗಾದರು. ಬಾಳೆಗೊನೆ ಕಾಯುವ ಸರಕಲ್ಲ. ಬಲಿತ ಮೇಲೆ ಕೆಲವೇ ದಿನಗಳಲ್ಲಿ ಹಣ್ಣಾಗಿ ಕೊಳೆಯುವುದು. ಆ ಸಂದರ್ಭದಲ್ಲಿ ಪುತ್ತೂರಿನಿಂದ 1988ರಿಂದ ಪ್ರಕಟವಾಗುತ್ತ ಬಂದ ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆಯವರು ಬಾಳೆಕಾಯಿಯನ್ನು ಹುಡಿಮಾಡಿ ಉಳಿಸುವ ವಿಚಾರವನ್ನು ಕೈಗೆತ್ತಿಕೊಂಡು ಪ್ರಚುರಪಡಿಸಿದರು. ಬಾಳೆಕಾಯಿ ಹುಡಿ ಎಂಬ ಮೂರು ಪದಭಾಗಗಳ ಮೊದಲಕ್ಷರಗಳನ್ನು ಕೂಡಿಸಿ ‘ಬಾಕಾಹು’ ಎಂಬ ಚಿಕ್ಕ ಹೆಸರು ಇಡಲಾಯಿತು. ಹೆಸರು ಚಿಕ್ಕದಾದುದರಿಂದ ಬೇಗನೆ ಬಾಯಿಗೆ ಹತ್ತಿತು. ಇದೂ ಒಂದು ಗಮನಾರ್ಹ ವಿಷಯ.

ಕೇರಳದಲ್ಲಿ ಬಲಿತ ಬಾಳೆಕಾಯಿಯನ್ನು ಒಣಗಿಸಿ ಹುಡಿಮಾಡಿ ಕೂಸುಗಳಿಗೆ ಮಣ್ಣಿ ಕಾಯಿಸಿ ಉಣಿಸುವ ಪದ್ಧತಿ ಹಳೆಯದು. ಆದುದರಿಂದ ಹುಡಿಮಾಡುವ ವಿದ್ಯೆ ಹೊಸದಾಗಿರಲಿಲ್ಲ. ಹೊಸದಾಗಿದ್ದುದು ಅದರ ಪ್ರಸಾರದ ರೀತಿ. ದಕ್ಷಿಣ ಕನ್ನಡ, ಉತ್ತರ ಕನ್ನಡ ಜಿಲ್ಲೆಗಳ ಗೃಹಿಣಿಯರು ತಮ್ಮ ಮನೆಯಲ್ಲಿ ಹುಡಿಮಾಡಿದ್ದಷ್ಟೇ ಅಲ್ಲದೆ, ಆ ಹುಡಿಯಿಂದ ದೋಸೆ, ಗುಲಾಬ್ ಜಾಮೂನು ಮೊದಲಾದುವನ್ನು ಮಾಡಿ, ಮೊಬೈಲ್ ಫೋನಿನ ಮೂಲಕ ಚಿತ್ರಗಳನ್ನು ಪರಸ್ಪರ ಕಳುಹಿಸಿಕೊಂಡರು. ಒಬ್ಬಾಕೆಯ ಪ್ರಯೋಗ ಇನ್ನೊಬ್ಬಾಕೆಗೆ ಪಾಠವಾಯಿತು. 2021ನೆಯ ಜುಲೈ ತಿಂಗಳಲ್ಲಿ ಪ್ರಧಾನ ಮಂತ್ರಿಗಳು ತಮ್ಮ ‘ಮನ್ ಕೀ ಬಾತ್’ ರೇಡಿಯೋ ಭಾಷಣದಲ್ಲಿ ಈ ಕಾರ್ಯವನ್ನು ಪ್ರಸ್ತಾಪಿಸಿದರು. ಆ ಪ್ರಸ್ತಾಪಕ್ಕೆ ಮೊದಲೇ ಕೆಲಸವು ನಡೆದಿದ್ದಿತೆಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು.

ಇಲ್ಲಿ ಯಾರೂ ‘ನಮ್ಮ ಹುಡಿಯೇ ಶ್ರೇಷ್ಠ’ ಎಂದು ಸಾರಲಿಲ್ಲ. ದೋಸೆಗೆ ಎಷ್ಟು ಹಾಕಬೇಕು, ಚಪಾತಿ ಏಕೆ ಹರಿಯಿತು ಎಂಬಂಥ ಮಾತುಗಳೇ ಜನರಿಗೆ ಬೇಕಾಗಿದ್ದುವು. ಬಳಕೆ ತಿಳಿದ ಪದಾರ್ಥಕ್ಕೆ ಮಾತ್ರ ಗಿರಾಕಿ ಎರಡನೆಯ ಸಲ ಬರುವನು. ಚಹದ ವ್ಯಾಪಾರಿಗಳು ಇದನ್ನು ಬಹು ಹಿಂದೆಯೇ ಅರಿತಿದ್ದರು. 1903ರಲ್ಲಿ ರಫ್ತಾಗುವ ಚಹದ ಮೇಲೆ ಸೆಸ್ ಎತ್ತಲು ಕಾನೂನಾಗಿ, ಆ ಹಣದಿಂದ ಪ್ರಚಾರಕಾರ್ಯವು ನಡೆಯಿತು. ಮುಂದೆ ನಮ್ಮ ದೇಶದಲ್ಲಿ, ಚಹವನ್ನು ಅರಿಯದ ಜನರಿಗೆ ಪಟ್ಟಣಗಳಲ್ಲಿ ಕಾಯಿಸಿ ಕುಡಿಸಿ ತೋರಿಸಿದರು. ರೈಲ್ವೆ ನಿಲ್ದಾಣಗಳಲ್ಲಿ ಎನಾಮಲ್ ಫಲಕಗಳ ಮೇಲೆ ಚಹ ಮಾಡುವ ಕ್ರಮವನ್ನು ದೇಶಭಾಷೆಗಳಲ್ಲಿ ಬರೆಸಿದರು. ಅಮೆರಿಕದಲ್ಲಿ ನೇಗಿಲು ತಯಾರಿಸುತ್ತಿದ್ದ ಜಾನ್ ಡೀರ್ ಸಂಸ್ಥೆಯವರೂ 1895ರಲ್ಲಿಯೇ, ನೇಗಿಲ ಸಾಲು ಎಂಬರ್ಥದ ‘ದಿ ಫರೋ’ ಎಂಬ ಹೆಸರಿನಲ್ಲಿ ರೈತರಿಗಾಗಿ ಪತ್ರಿಕೆಯೊಂದನ್ನು ಹೊರಡಿಸಿ ಬೇಸಾಯದ ವಿಷಯಗಳನ್ನು ತಿಳಿಸತೊಡಗಿದರು. ಇವರೆಲ್ಲ ಹಣವುಳ್ಳವರು. ಅವರ ಉಪಾಯ ಮಾತ್ರ ಬಡವನಿಗೂ ಸಾಧ್ಯವಾದುದು.

ಬರೆಯುವುದೇನನ್ನು? ಮೊದಲನೆಯದು ತಯಾರಿಕೆಯ ಕ್ರಮ. ಇದನ್ನು ಹೇಳಿಬಿಟ್ಟರೆ ನೆರೆಯವನೂ ಮಾಡಿಯಾನೆಂಬ ಅಂಜಿಕೆ ಕೆಲವರಲ್ಲಿ ಉಂಟು. ಮಾಡಲಿ, ಕೊಳ್ಳುವವರಲ್ಲಿ ಹೆಚ್ಚಿನವರು ಪಟ್ಟಣವಾಸಿಗಳು, ಅವರಿಗೆ ಒಣಗಿಸುವ ಅಂಗಳವೂ ಇಲ್ಲ, ಬಿಡುವೂ ಇಲ್ಲ. ಕ್ರಮವನ್ನು ತಿಳಿದಾಗ ಅವರಿಗೆ ಪದಾರ್ಥದಲ್ಲಿ ನಂಬಿಕೆ ಹುಟ್ಟುವುದು. ಉದಾಹರಣೆಗೆ ಹೀಗೆ ಬರೆಯಬಹುದು: ಪೂರ್ತಿ ಬಲಿತು ಹಣ್ಣಾಗದ ಕಾಯಿಯನ್ನು ಆರಿಸಿ, ಸೊನೆ ಅಂಟದಂತೆ ಕೈಗೆ ಎಣ್ಣೆ ಸವರಿಕೊಂಡು ಸಿಪ್ಪೆ ತೆಗೆಯುತ್ತೇವೆ, ತೆಳುವಾಗಿ ಹೆಚ್ಚಿದ ಬಿಲ್ಲೆಗಳನ್ನು ಕೂಡಲೇ ಉಪ್ಪು ನೀರಿನಲ್ಲಿ ಅಥವಾ ನೀರು ಮಜ್ಜಿಗೆಯಲ್ಲಿ ಹಾಕುತ್ತೇವೆ, ಹಾಗೆ ಮಾಡದಿದ್ದರೆ ಗಾಳಿ ತಾಗಿ ಕಪ್ಪಾಗುವುದು, ಬಳಿಕ ನೀರು ಬಸಿದು, ಬಿಸಿಲಿನಲ್ಲಿ ಅಥವಾ ಒಣಗಿಸುವ ಯಂತ್ರದಲ್ಲಿ, ಬಿಲ್ಲೆಯು ಬಾಗದೆ ಟಪ್ಪನೆ ಮುರಿಯುವವರೆಗೆ ಒಣಗಿಸಿ ಬೀಸುತ್ತೇವೆ. ಇಷ್ಟನ್ನು ಓದಿದ ಗೃಹಿಣಿಗೆ, ಹುಡಿಯ ಬಣ್ಣ ಮೈದಾಹಿಟ್ಟಿನಂತೆ ಬೆಳ್ಳಗೆ ಏಕಿಲ್ಲವೆಂಬ ಸಂದೇಹ ತಾನಾಗಿಯೇ ಪರಿಹಾರವಾಗುವುದು. ಮಳೆಗಾಲದಲ್ಲಿ ಕರಾವಳಿ, ಮಲೆನಾಡುಗಳವರು ಬಿಸಿಲನ್ನು ನಂಬಲಾಗದೆ ಯಂತ್ರದಿಂದ ಒಣಗಿಸಿದ್ದಾದರೆ ಹಾಗೆಂದೇ ಬರೆಯಬೇಕು. ಬಿಸಿಲಿನಲ್ಲಿ ಒಣಗಿಸಿದ್ದೆಂದು ಬರೆಯುವುದು ವಂಚನೆ.

ಎರಡನೆಯದು ಬಳಕೆ. ಇದರಲ್ಲಿ ಅಳತೆ ಸ್ಪಷ್ಟವಾಗಿರಬೇಕು. ‘ರುಚಿಗೆ ತಕ್ಕಷ್ಟು ಸೇರಿಸಿ’ ಎಂಬ ಮಾತು, ಪದಾರ್ಥವನ್ನು ಬಲ್ಲವರಿಗೆ ಸಾಕು. ಮೊದಲ ಸಲ ಕೊಂಡವಳಿಗೆ ಅದರಿಂದ ಏನೂ ತಿಳಿಯದು. ಬಾಳೆಕಾಯಿ ಹುಡಿಯಲ್ಲಿ ಗೋಧಿಯಲ್ಲಿರುವ ಅಂಟು, ಅಂದರೆ ಗ್ಲೂಟೆನ್, ಇರುವುದಿಲ್ಲ. ಆದುದರಿಂದ ಬರಿಯ ಹುಡಿಯಿಂದ ಚಪಾತಿ ಲಟ್ಟಿಸಹೋದರೆ ಅದು ಹರಿಯುವುದು. ಈ ಒಂದು ಮಾತನ್ನು ಮೊದಲೇ ಬರೆಯದಿದ್ದರೆ ಮೊದಲ ದಿನವೇ ಅಡುಗೆ ಕೆಟ್ಟು, ದೋಷವೆಲ್ಲ ಹುಡಿಯ ತಲೆಗೆ ಬರುವುದು. ತಯಾರಿಸುವವರು ತಮ್ಮ ಮನೆಯಲ್ಲಿ ಎರಡು ಮೂರು ಸಲ ಮಾಡಿ ನೋಡಿ, ಸರಿಬಂದ ಅಳತೆಯನ್ನು ಮಾತ್ರ ಬರೆಯತಕ್ಕದ್ದು. ತಿಂಗಳಿಗೆ ಒಂದೇ ತಿಂಡಿಯ ಕ್ರಮವನ್ನು ಬರೆದರೂ ಸಾಕು, ವರ್ಷಕ್ಕೆ ಹನ್ನೆರಡಾಗುವುದು.

ಬೆಲೆಯ ವಿಷಯವನ್ನು ಮುಚ್ಚಿಡುವುದು ನಮ್ಮಲ್ಲಿ ವಾಡಿಕೆ. ಗಿರಾಕಿಯು ಗೋಧಿಹಿಟ್ಟಿನ ಬೆಲೆಯೊಂದಿಗೆ ಹೋಲಿಸಿ ನೋಡಿ ದುಬಾರಿಯೆಂದು ಹಿಂದೆಗೆಯುವನು. ಕಾಯಿಯ ಸಿಪ್ಪೆ ಹೋಗಿ, ನೀರಿನಂಶ ಹೋಗಿ, ತಳಿಗೆ ಅನುಸಾರವಾಗಿ ಹೆಚ್ಚು ಕಡಮೆ ಐದು ಕಿಲೋ ಕಾಯಿಗೆ ಒಂದು ಕಿಲೋ ಹುಡಿ ದೊರೆಯುವುದು. ಕಾಯಿಯನ್ನು ಕಿಲೋಗೆ 10 ರೂಪಾಯಿಯಂತೆ ಹಿಡಿದರೂ ಒಂದು ಕಿಲೋ ಹುಡಿಗೆ ಕಾಯಿಯದೇ 50 ರೂಪಾಯಿಯಾಯಿತು. ಇನ್ನು ಸುಲಿಯುವ ಹೆಚ್ಚುವ ಕೂಲಿ, ಒಣಗಿಸುವ ಖರ್ಚು, ಬೀಸುವ ಕೂಲಿ, ಪೊಟ್ಟಣ, ಸಾಗಣೆ ಇವೆಲ್ಲ ಸೇರಬೇಕಷ್ಟೆ. ತಮ್ಮ ಊರಿನ ನಿಜವಾದ ದರಗಳನ್ನಿಟ್ಟು ಈ ಲೆಕ್ಕವನ್ನು ಒಮ್ಮೆ ಬರೆದು ತೋರಿಸಿದರೆ ಚೌಕಾಸಿ ಕಡಮೆಯಾಗುವುದು. ಲೆಕ್ಕ ಬರೆಯಹೊರಟಾಗ, ಇಷ್ಟು ದಿನ ತಮ್ಮ ಮನೆಯ ಹೆಂಗಸರ ದುಡಿಮೆಗೆ ಏನೂ ಬೆಲೆ ಹಿಡಿಯದೆ ಮಾರುತ್ತಿದ್ದೆವೆಂಬುದು ಕೆಲವರಿಗೆ ಗೋಚರಿಸಲೂಬಹುದು.

ಈ ಬರೆಹವನ್ನು ಜನರಿಗೆ ಮುಟ್ಟಿಸುವ ಸಾಧನಗಳು ಬಹಳ ಇವೆ, ಪ್ರತಿಯೊಂದನ್ನೂ ವಿವರಿಸಬೇಕಾಗಿಲ್ಲ. ಪೊಟ್ಟಣದೊಳಗೆ ಇಡುವ ಅಚ್ಚಾದ ಚೀಟಿ ಎಲ್ಲಕ್ಕೂ ಅಗ್ಗ. ಸಂತೆ, ಮೇಳಗಳಲ್ಲಿ ಮಾರುವವರು ದಪ್ಪಕ್ಷರದ ಫಲಕ ತೂಗುಹಾಕಬಹುದು. ಕೊಂಡವರು ಸಮ್ಮತಿಸಿದರೆ ಅವರ ಮೊಬೈಲ್ ಸಂಖ್ಯೆಯನ್ನು ಬರೆದುಕೊಂಡು ತಿಂಗಳಿಗೊಮ್ಮೆ, ನಿಯತವಾದ ದಿನದಂದು, ಹತ್ತು ಸಾಲಿನ ಪತ್ರ ಕಳುಹಿಸಬಹುದು. ದಿನಕ್ಕೆ ನಾಲ್ಕು ಸಲ ಕಳುಹಿಸುವವರ ಪತ್ರವನ್ನು ಯಾರೂ ಓದರು. ಒಂದು ತಿಂಗಳು ಉತ್ಸಾಹದಿಂದ ಬರೆದು ಆರು ತಿಂಗಳು ಸುಮ್ಮನಿರುವವರನ್ನೂ ಜನ ಮರೆಯುವರು. ಸರಕು ಇಲ್ಲದ ತಿಂಗಳಲ್ಲಿ ಇಲ್ಲವೆಂದೂ, ಗೊನೆ ಯಾವಾಗ ಬಲಿಯುವುದೆಂದೂ ತಿಳಿಸುವುದು ಒಳ್ಳೆಯದು. ಬೇರೆಯವರು ತೆಗೆದ ಚಿತ್ರಗಳನ್ನು ತಮ್ಮವೆಂದು ಕಳುಹಿಸಬಾರದು; ಚಿತ್ರದಲ್ಲಿಯ ಹುಡಿಗೂ ಪೊಟ್ಟಣದಲ್ಲಿಯ ಹುಡಿಗೂ ಬಣ್ಣ ಬೇರೆಯಾದರೆ ಗಿರಾಕಿಯು ಮೊದಲು ಅದನ್ನೇ ಕಾಣುವನು.

ಇನ್ನು ಎಚ್ಚರಿಕೆಯ ವಿಷಯ. ಬಾಳೆಕಾಯಿ ಹುಡಿಯ ಪಿಷ್ಟದಲ್ಲಿ ಒಂದಂಶ ಬೇಗನೆ ಜೀರ್ಣವಾಗದ ಜಾತಿಯದೆಂಬುದು ಶಾಸ್ತ್ರಜ್ಞರಿಗೆ ತಿಳಿದ ಸಂಗತಿ. ಇದನ್ನು ಹಿಡಿದುಕೊಂಡು ‘ಮಧುಮೇಹ ಗುಣವಾಗುವುದು’ ಎಂದು ಬರೆಯುವವರಿದ್ದಾರೆ. ಇದು ಸುಳ್ಳಷ್ಟೇ ಅಲ್ಲ, ಅಪರಾಧವೂ ಹೌದು. ರೋಗ ವಾಸಿಯಾಗುವುದೆಂಬ ಆಕ್ಷೇಪಾರ್ಹ ಜಾಹೀರಾತುಗಳನ್ನು ತಡೆಯಲು 1954ರಲ್ಲಿ ಆದ ಕಾಯಿದೆಯ ಅನುಸೂಚಿಯಲ್ಲಿ ಮಧುಮೇಹದ ಹೆಸರುಂಟು. ಆಹಾರ ಪದಾರ್ಥಗಳ ಬಗೆಗೆ ದಾರಿ ತಪ್ಪಿಸುವ ಜಾಹೀರಾತನ್ನು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯೂ ನಿಷೇಧಿಸುತ್ತದೆ. ಮೊಬೈಲಿನಲ್ಲಿ ಕಳುಹಿಸಿದ ಪತ್ರವೂ ಜಾಹೀರಾತೇ. ನಿಮ್ಮ ಮಾತನ್ನು ನಂಬಿ ಒಬ್ಬ ರೋಗಿಯು ವೈದ್ಯರು ಕೊಟ್ಟ ಔಷಧವನ್ನು ನಿಲ್ಲಿಸಿದರೆ ಆಗುವ ಹಾನಿಗೆ ಯಾವ ದಂಡವೂ ಸರಿಸಾಟಿಯಲ್ಲ. ಅದರಂತೆಯೇ ನಂಜನಗೂಡು ರಸಬಾಳೆ, ಕಮಲಾಪುರದ ಕೆಂಪುಬಾಳೆ ಮುಂತಾದ ಹೆಸರುಗಳು ಭೌಗೋಳಿಕ ಸೂಚಿಯಾಗಿ ನೋಂದಣಿಯಾಗಿವೆ. ಬೇರೆ ಸೀಮೆಯ ಕಾಯಿಗೆ ಆ ಹೆಸರನ್ನು ಅಂಟಿಸಕೂಡದು.

ಪೊಟ್ಟಣದ ಮೇಲೆ ಬರೆಯಬೇಕಾದುದನ್ನು ಕಾನೂನೇ ಗೊತ್ತುಪಡಿಸಿದೆ. ಪದಾರ್ಥದ ಹೆಸರು, ತಯಾರಿಸಿದವರ ಹೆಸರು ಮತ್ತು ವಿಳಾಸ, ನಿವ್ವಳ ತೂಕ, ತಯಾರಿಸಿದ ಕಾಲ, ಬಳಸಬಹುದಾದ ಅವಧಿ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರು ಹೇಳಿಕೊಳ್ಳಲು ವಿಳಾಸ, ಸಸ್ಯಾಹಾರದ ಹಸುರು ಗುರುತು, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆ ಇವು ಮುಖ್ಯವಾದುವು. ಈ ಸಂಖ್ಯೆಯನ್ನು ಪಡೆಯದೆ ಆಹಾರ ಪದಾರ್ಥದ ವ್ಯಾಪಾರಕ್ಕೆ ಇಳಿಯಬಾರದು.

ಗಿರಾಕಿಗಳು ಕೇಳಿದ ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿಡುವ ಅಭ್ಯಾಸವನ್ನು ನಾವು ವಿಶೇಷವಾಗಿ ಸೂಚಿಸುತ್ತೇವೆ. ಒಂದೇ ಪ್ರಶ್ನೆಯನ್ನು ಮೂವರು ಕೇಳಿದರೆಂದರೆ ಕೇಳದೆ ಸುಮ್ಮನಾದವರು ಇನ್ನೂ ಹಲವರಿದ್ದಾರೆಂದು ತಿಳಿಯತಕ್ಕದ್ದು. ಮುಂದಿನ ತಿಂಗಳ ಪತ್ರಕ್ಕೆ ಅದೇ ವಿಷಯವಾಗಲಿ. ಹುಳು ಬಿದ್ದಿತೆಂದು ಯಾರಾದರೂ ದೂರಿದರೆ ಹಣವನ್ನು ಹಿಂದಿರುಗಿಸಿ, ಅದು ಯಾವ ದಿನ ಬೀಸಿದ ಹುಡಿಯೆಂದು ನೋಡಿ, ಆ ದಿನದ ಉಳಿದ ಪೊಟ್ಟಣಗಳನ್ನೂ ಪರೀಕ್ಷಿಸಬೇಕು. ದೋಷ ಕಂಡರೆ ಆ ಹುಡಿಯನ್ನು ಕೊಂಡ ಇತರರಿಗೂ ತಾವಾಗಿಯೇ ತಿಳಿಸಬೇಕು. ಇಂಥ ಪತ್ರವನ್ನು ಬರೆಯುವುದು ಕಷ್ಟವೇ ಸರಿ. ಆದರೆ ಗಿರಾಕಿಗಳು ನೆನಪಿನಲ್ಲಿಡುವ ಪತ್ರವೂ ಅದೇ.

ಪೊಟ್ಟಣದೊಳಗೆ ಇಡತಕ್ಕ ಚೀಟಿಯ ಮಾದರಿಯೊಂದನ್ನು ಕೆಳಗೆ ಕೊಟ್ಟಿದೆ. ಅವರವರ ಕಾಯಿಗೂ ಕ್ರಮಕ್ಕೂ ತಕ್ಕಂತೆ ಬದಲಾಯಿಸಿಕೊಳ್ಳಬಹುದು.

“ಈ ಹುಡಿಯು ನಮ್ಮ ತೋಟದ ನೇಂದ್ರ ಬಾಳೆಯ ಬಲಿತ ಕಾಯಿಯದು. ಸಿಪ್ಪೆ ತೆಗೆದು, ಉಪ್ಪು ನೀರಿನಲ್ಲಿ ಅದ್ದಿ, ಯಂತ್ರದಲ್ಲಿ ಒಣಗಿಸಿ ಬೀಸಿದ್ದು. ಬೇರೆ ಯಾವ ಹಿಟ್ಟೂ ಬೆರೆತಿಲ್ಲ. ಬಣ್ಣ ಕೊಂಚ ಮಾಸಲಾಗಿರುವುದು ಸಹಜ. ಚಪಾತಿಗೆ: ಮೂರು ಲೋಟ ಗೋಧಿಹಿಟ್ಟಿಗೆ ಒಂದು ಲೋಟ ಹುಡಿ ಬೆರೆಸಿ, ಬಿಸಿನೀರಿನಲ್ಲಿ ಕಲಸಿ, ಕಾಲು ಗಂಟೆ ಬಿಟ್ಟು ಲಟ್ಟಿಸಿರಿ. ಬರಿಯ ಹುಡಿಯಿಂದ ಚಪಾತಿ ಬಾರದು. ದೋಸೆಗೆ: ಎರಡು ಲೋಟ ಅಕ್ಕಿಯನ್ನು ರುಬ್ಬಿದ ಹಿಟ್ಟಿಗೆ ಅರ್ಧ ಲೋಟ ಹುಡಿಯನ್ನು ಗಂಟಿಲ್ಲದಂತೆ ಕದಡಿ ಸೇರಿಸಿರಿ. ಪೊಟ್ಟಣ ಒಡೆದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿಡಿರಿ. ಒದ್ದೆ ಚಮಚ ಹಾಕಬೇಡಿರಿ. ಅಡುಗೆ ಸರಿಬಾರದಿದ್ದರೆ ನಮಗೆ ತಿಳಿಸಿರಿ. ಮುಂದಿನ ಹುಡಿಯು ಸಿದ್ಧವಾಗುವ ತಿಂಗಳು: ……”

ಕಡೆಯ ಸಾಲಿನ ಖಾಲಿ ಜಾಗವನ್ನು ಅಚ್ಚು ಹಾಕಿಸದೆ, ಪ್ರತಿ ಸಲವೂ ಕೈಯಿಂದಲೇ ತುಂಬುವುದು ಅನುಕೂಲ.