ಪಾರ್ಶ್ವವಾಯುವೂ ಮಿದುಳೂ

ಪಾರ್ಶ್ವವೆಂದರೆ ಮಗ್ಗುಲು. ದೇಹದ ಒಂದೇ ಮಗ್ಗುಲಿಗೆ ಬಡಿಯುವ ಬೇನೆಗೆ ನಮ್ಮ ಹಿರಿಯರು ಪಾರ್ಶ್ವವಾಯುವೆಂದು ಹೆಸರಿಟ್ಟರು, ಲಕ್ವವೆನ್ನುವವರೂ ಉಂಟು. ಹೆಸರಿನ ಪೂರ್ವಾರ್ಧವು ಇಂದಿಗೂ ಸಲ್ಲುತ್ತದೆ. ಉತ್ತರಾರ್ಧದ ವಾಯುವಿನ ಸ್ಥಾನದಲ್ಲಿ ಮಾತ್ರ ಈಗಿನ ವೈದ್ಯಶಾಸ್ತ್ರವು ಮಿದುಳಿನ ರಕ್ತನಾಳವನ್ನು ಇಡುತ್ತದೆ. ಬಿದ್ದುದು ಕೈಕಾಲಾದರೂ ಬೇನೆಯ ನೆಲೆಯು ಮಿದುಳು. ಇದು ಹೇಗೆಂಬುದನ್ನು ವಾಚಕರಿಗೆ ತಿಳಿಸಲು ನಾವು ನರಮಂಡಲದ ರಚನೆಯನ್ನು ಮೊದಲು ಹೇಳುವೆವು.

ಮಿದುಳೂ ಬೆನ್ನುಹುರಿಯೂ ನರಮಂಡಲದ ಕೇಂದ್ರಗಳು. ಮಿದುಳಿನಿಂದ 12 ಜೊತೆ, ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಟು ಸರ್ವಾಂಗಗಳನ್ನೂ ವ್ಯಾಪಿಸಿರುವುವು. ಕೆಲವು ತಂತುಗಳು ಕಣ್ಣು, ಕಿವಿ, ಚರ್ಮಗಳ ವರ್ತಮಾನವನ್ನು ಒಳಕ್ಕೆ ಒಯ್ಯುವುವು. ಕೆಲವು ಸ್ನಾಯುಗಳಿಗೆ ಆಜ್ಞೆಯನ್ನು ತರುವುವು. ಕಾದ ಬಾಣಲೆಗೆ ಬೆರಳು ತಗುಲಿದಾಗ ಉರಿಯು ಮನಸ್ಸಿಗೆ ತಿಳಿಯುವ ಮೊದಲೇ ಕೈಯು ಹಿಂದೆ ಸರಿಯುತ್ತದೆ. ಆ ಆಜ್ಞೆಯನ್ನು ಬೆನ್ನುಹುರಿಯೇ ಕೊಡುತ್ತದೆ. ಬೇಕೆಂದು ಮಾಡುವ ಕೆಲಸಕ್ಕಾದರೋ ಮಿದುಳಿನ ಅಪ್ಪಣೆ ಬೇಕು. ಅಲ್ಲಿಂದ ಇಳಿಯುವ ತಂತುಗಳಲ್ಲಿ ಹೆಚ್ಚಿನವು ಮಿದುಳಿನ ಬುಡದಲ್ಲಿ ಎದುರು ಮಗ್ಗುಲಿಗೆ ದಾಟುವುವು. ಆದುದರಿಂದ ಮಿದುಳಿನ ಎಡಭಾಗಕ್ಕೆ ಹಾನಿಯಾದರೆ ಬಲಗೈ ಬಲಗಾಲುಗಳ ಶಕ್ತಿಯು ಉಡುಗುವುದು. ಅನೇಕ ವೇಳೆ ಮಾತೂ ನಿಲ್ಲುವುದು. 1861ರಲ್ಲಿ ಫ್ರಾನ್ಸಿನ ಪಾಲ್ ಬ್ರೋಕಾ ಎಂಬ ವೈದ್ಯನು ಮಾತು ಕಳೆದುಕೊಂಡಿದ್ದ ರೋಗಿಯೊಬ್ಬನ ಮಿದುಳನ್ನು ಅವನ ಮರಣಾನಂತರ ಪರೀಕ್ಷಿಸಿ, ಎಡಗಡೆಯ ಮುಂಭಾಗವು ಹಾಳಾಗಿದ್ದುದನ್ನು ತೋರಿಸಿದನು.

ಮಿದುಳು ದೇಹದ ತೂಕದಲ್ಲಿ ನೂರಕ್ಕೆ ಸುಮಾರು 2 ಪಾಲು. ವಿಶ್ರಾಂತಿಯಲ್ಲಿ ದೇಹವು ಬಳಸುವ ಆಮ್ಲಜನಕದಲ್ಲಿಯಾದರೋ ಐದರಲ್ಲೊಂದು ಪಾಲು ಅದಕ್ಕೇ ಬೇಕು. ರಕ್ತನಾಳವು ಹೆಪ್ಪಿನಿಂದ ಮುಚ್ಚಿದರೆ, ಇಲ್ಲವೆ ಒಡೆದರೆ, ಆ ಭಾಗದ ನರಕೋಶಗಳು ಸಾಯತೊಡಗುವುವು. ದೊಡ್ಡ ನಾಳವು ಮುಚ್ಚಿದಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ಕೋಶಗಳು ನಾಶವಾಗುವುವೆಂದು 2006ರಲ್ಲಿ ಗಣಿಸಲಾಯಿತು.

ಹೀಗಿರಲು ಎಣ್ಣೆ ನೀವುತ್ತ ಬೆಳಗಾಗಲೆಂದು ಕಾಯುವುದು ಎಂತಹ ಅನರ್ಥ! ಬಾಯಿ ಸೊಟ್ಟಗಾದರೆ, ಎತ್ತಿದ ಕೈ ಕೆಳಗಿಳಿದರೆ, ಮಾತು ತೊದಲಿದರೆ, ಒಡನೆಯೇ ಗಡಿಯಾರವನ್ನು ನೋಡಿ ವೇಳೆಯನ್ನು ಗುರುತಿಟ್ಟುಕೊಳ್ಳಬೇಕು. ಬಾಯಿಗೆ ನೀರನ್ನಾಗಲಿ ಔಷಧವನ್ನಾಗಲಿ ಹಾಕದೆ 108ಕ್ಕೆ ಕರೆಮಾಡಿ, ಮಿದುಳಿನ ಸ್ಕ್ಯಾನ್ ಮಾಡುವ ಆಸ್ಪತ್ರೆಗೆ ರೋಗಿಯನ್ನು ಒಯ್ಯಬೇಕು. ಹೆಪ್ಪನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡತಕ್ಕದ್ದು. ನಾಳ ಒಡೆದವರಿಗೆ ಅದೇ ಮದ್ದು ಅಪಾಯಕರ. ಯಾವುದು ಮುಚ್ಚಿದುದು, ಯಾವುದು ಒಡೆದುದು ಎಂಬುದು ಸ್ಕ್ಯಾನ್‌ನಿಂದಲೇ ತಿಳಿಯತಕ್ಕುದು. ಲಕ್ಷಣಗಳು ತಾವಾಗಿಯೇ ಮಾಯವಾದರೂ ಉದಾಸೀನ ಸಲ್ಲದು. ಅವು ಮುಂದೆ ಬರಲಿರುವ ದೊಡ್ಡ ಆಘಾತದ ಮುನ್ಸೂಚನೆಯಾಗಿರಬಹುದು.