ಡಯಾಲಿಸಿಸ್ ವೇಳೆ ರಕ್ತದೊತ್ತಡ ಕುಸಿತ: ಎಚ್ಚರಿಕೆ ಮನೆಯಿಂದಲೇ ಆರಂಭವಾಗಲಿ

ಕಾಸರಗೋಡಿನ ನಮ್ಮ ಕನ್ನಡ ಶಾಲೆಯ ಏಳನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳ ಅಜ್ಜನಿಗೆ ಡಯಾಲಿಸಿಸ್ ನಡೆಯುತ್ತಿದೆ. ಅಜ್ಜನಿಗೆ ಮಲಯಾಳ ಬಾರದು, ಅಲ್ಲಿನ ದಾದಿಯರಿಗೆ ಕನ್ನಡ ಬಾರದು. ಒಂದು ದಿನ ಮೂರನೆಯ ಗಂಟೆಯಲ್ಲಿ ಅವರಿಗೆ ಕಣ್ಣು ಕತ್ತಲಿಟ್ಟಿತು. ಹೇಳುವ ಬಗೆ ತಿಳಿಯದೆ ಸುಮ್ಮನಿದ್ದರು. ಸ್ವಲ್ಪ ಹೊತ್ತಿನಲ್ಲೇ ಪ್ರಜ್ಞೆ ತಪ್ಪಿತು. ಅವರು ಚೇತರಿಸಿಕೊಂಡರು. ಆದರೆ "ರಕ್ತ ಶುದ್ಧಿ ಮಾಡುವಾಗ ಪ್ರೆಶರ್ ಇಳಿಯುವುದೇಕೆ ಟೀಚರ್?" ಎಂದು ಮೊಮ್ಮಗಳು ಕೇಳಿದ ಪ್ರಶ್ನೆ ಅನೇಕ ಮನೆಗಳ ಪ್ರಶ್ನೆಯೂ ಹೌದು.

ಆರೋಗ್ಯವಂತ ಮೂತ್ರಪಿಂಡಗಳು ಹಗಲಿರುಳು ಸ್ವಲ್ಪಸ್ವಲ್ಪವಾಗಿ ಹೊರಹಾಕುವ ನೀರನ್ನು ಡಯಾಲಿಸಿಸ್ ಯಂತ್ರವು ಸುಮಾರು 4 ಗಂಟೆಗಳಲ್ಲಿ ತೆಗೆಯಬೇಕಾಗುತ್ತದೆ. ಯಂತ್ರ ನೀರೆಳೆಯುವುದು ರಕ್ತದಿಂದ ಮಾತ್ರ. ಕಾಲಿನಲ್ಲಿ, ಚರ್ಮದಡಿಯಲ್ಲಿ ನಿಂತ ನೀರು ನಿಧಾನವಾಗಿ ರಕ್ತಕ್ಕೆ ಮರಳಬೇಕು. ಒರತೆಗಿಂತ ವೇಗವಾಗಿ ಪಂಪು ಎಳೆದರೆ ಬಾವಿ ಬತ್ತುವಂತೆ, ಮರಳುವ ವೇಗವನ್ನು ಮೀರಿ ನೀರು ತೆಗೆದಾಗ ರಕ್ತದೊತ್ತಡ ಕುಸಿಯುತ್ತದೆ. ವೃದ್ಧರು, ಮಧುಮೇಹಿಗಳು ಹಾಗೂ ಹೃದ್ರೋಗಿಗಳಲ್ಲಿ ಈ ಸಾಧ್ಯತೆ ಹೆಚ್ಚು.

ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಗಂಟೆಗೆ 13 ಮಿಲಿಲೀಟರಿಗಿಂತ ಹೆಚ್ಚು ನೀರು ತೆಗೆಯುವುದು ಅಪಾಯಕರವೆಂದು ವೈದ್ಯರು ಪರಿಗಣಿಸುತ್ತಾರೆ. 60 ಕಿಲೋ ತೂಗುವವರಿಗೆ 4 ಗಂಟೆಯಲ್ಲಿ ಇದು ಸುಮಾರು 3 ಲೀಟರ್. ಎರಡು ಡಯಾಲಿಸಿಸ್‌ಗಳ ನಡುವೆ 4 ಕಿಲೋ ತೂಕ ಏರಿದ್ದರೆ ಯಂತ್ರ ಆ ಮಿತಿಯನ್ನು ದಾಟಬೇಕಾಗುತ್ತದೆ. ಆದ್ದರಿಂದ ತಡೆಯುವ ಕೆಲಸದ ಬಹುಪಾಲು ಮನೆಯಲ್ಲೇ ಇದೆ.

ಮೊದಲನೆಯದು ಉಪ್ಪು. ಉಪ್ಪು ತಿಂದವನಿಗೆ ನೀರು ಕುಡಿಯದೆ ಗತಿಯಿಲ್ಲ. ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಚಹಾ ಚಮಚದೊಳಗೆ ಉಪ್ಪು ಇರಲಿ. ಉಪ್ಪಿನಕಾಯಿ, ಹಪ್ಪಳ, ಒಣಮೀನು, ಉಪ್ಪುಸೊಳೆಗಳಲ್ಲಿ ಅಡಗಿರುವ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ. ಸೋಡಿಯಂ ಕಡಿಮೆಯಿರುವ ಬದಲಿ ಉಪ್ಪುಗಳಲ್ಲಿ ಪೊಟ್ಯಾಸಿಯಂ ಇರುವುದರಿಂದ ವೈದ್ಯರನ್ನು ಕೇಳದೆ ಬಳಸಬಾರದು. ಎರಡನೆಯದು ದ್ರವದ ಅಳತೆ. ಗಂಜಿಯ ತಿಳಿ, ಸಾರು, ಮಜ್ಜಿಗೆ, ಚಹಾ ಎಲ್ಲವೂ ನೀರೇ. ವೈದ್ಯರು ಹೇಳಿದ ಪ್ರಮಾಣವನ್ನು ಬೆಳಿಗ್ಗೆಯೇ ಒಂದು ಬಾಟಲಿಯಲ್ಲಿ ಅಳೆದಿಟ್ಟು, ಏನನ್ನು ಕುಡಿದರೂ ಅಷ್ಟು ನೀರನ್ನು ಅದರಿಂದ ತೆಗೆದರೆ ಲೆಕ್ಕ ತಪ್ಪದು. ಪ್ರತಿದಿನ ತೂಕ ಬರೆದಿಡುವ ಹೊಣೆಯನ್ನು ಮಕ್ಕಳಿಗೆ ವಹಿಸಬಹುದು.

ರಕ್ತದೊತ್ತಡದ ಮಾತ್ರೆಯನ್ನು ಡಯಾಲಿಸಿಸ್‌ಗೆ ಮೊದಲು ಸೇವಿಸಬೇಕೇ, ನಂತರವೇ ಎಂಬುದನ್ನು ವೈದ್ಯರಲ್ಲೇ ಕೇಳಬೇಕು. ಸ್ವಂತ ನಿರ್ಧಾರ ಸಲ್ಲದು. ಚಿಕಿತ್ಸೆಯ ಮುನ್ನ ಅಥವಾ ನಡುವೆ ಹೊಟ್ಟೆ ತುಂಬ ಉಂಡರೆ ರಕ್ತ ಜೀರ್ಣಾಂಗಗಳತ್ತ ಹರಿದು ಒತ್ತಡ ಇಳಿಯಬಹುದು. ಹಸಿವು ಹೆಚ್ಚಿ ಮೈ ತುಂಬಿಕೊಂಡಿದ್ದರೆ ಅದನ್ನೂ ತಿಳಿಸಿರಿ. ಹೆಚ್ಚುವರಿ ನೀರಿಲ್ಲದ 'ಒಣತೂಕ'ವನ್ನು ವೈದ್ಯರು ಹೊಸದಾಗಿ ಗೊತ್ತುಪಡಿಸಬೇಕಾಗುತ್ತದೆ; ಇಲ್ಲವಾದರೆ ಅಗತ್ಯಕ್ಕಿಂತ ಹೆಚ್ಚು ನೀರು ಹೋಗಿಬಿಡುತ್ತದೆ.

ಆಕಳಿಕೆ, ಬೆವರು, ವಾಕರಿಕೆ, ಕಾಲಿನ ಸೆಳೆತ, ತಲೆಸುತ್ತು ಮುನ್ಸೂಚನೆಗಳು. ತಕ್ಷಣ ತಿಳಿಸಿದರೆ ದಾದಿಯರು ನೀರೆಳೆತವನ್ನು ನಿಲ್ಲಿಸಿ, ಕಾಲುಗಳನ್ನು ಎತ್ತರಿಸಿ, ಅಗತ್ಯವಿದ್ದರೆ ಸಲೈನ್ ನೀಡುತ್ತಾರೆ. ಸಂಕೋಚಪಟ್ಟು ಸಹಿಸುವುದೇ ಅಪಾಯ. ಚಿಕಿತ್ಸೆ ಮುಗಿದ ಮೇಲೆಯೂ ಸ್ವಲ್ಪ ಹೊತ್ತು ಕುಳಿತಿದ್ದು, ನಂತರ ಮೆಲ್ಲನೆ ಏಳಬೇಕು.

ಆ ವಿದ್ಯಾರ್ಥಿನಿ ಈಗ ಒಂದು ರಟ್ಟಿನ ಮೇಲೆ ತಲೆಸುತ್ತಿಗೆ 'ತಲಕರಕ್ಕಂ', ವಾಕರಿಕೆಗೆ 'ಓಕ್ಕಾನಂ' ಎಂದು ಎರಡೂ ಲಿಪಿಗಳಲ್ಲಿ ಬರೆದು ಅಜ್ಜನ ಕೈಗಿತ್ತಿದ್ದಾಳೆ. ಕನ್ನಡಿಗರು ಚಿಕಿತ್ಸೆ ಪಡೆಯುವ ಗಡಿನಾಡಿನ ಕೇಂದ್ರಗಳಲ್ಲಿ ಇಂತಹ ಫಲಕ ಇರಬೇಕೆಂದು ಕೇಳುವುದು ನಮ್ಮ ಹಕ್ಕು. ಅದು ಬರುವವರೆಗೆ ಪ್ರತಿ ಮನೆಯ ಮಗುವೂ ಒಂದು ರಟ್ಟನ್ನು ಸಿದ್ಧಪಡಿಸಲಿ.