ಸಾಲದ ಚಿಂತೆ: ಬಾಯಿಬಿಟ್ಟು ಹೇಳುವುದು ಅವಮಾನವಲ್ಲ

ಮೂರನೇ ತರಗತಿಯ ಹುಡುಗಿಯೊಬ್ಬಳು ಮಂಗಳವಾರ ಬಂದರೆ ಮದ್ರಸಕ್ಕೆ ಗೈರುಹಾಜರಾಗುತ್ತಿದ್ದಳು. ಒಂದು ದಿನ ಹತ್ತಿರ ಕರೆದು ಕಾರಣ ಕೇಳಿದೆ.

"ಮಂಗಳವಾರ ಉಮ್ಮ ಬಾಗಿಲು ಹಾಕಿ ಕೂರುತ್ತಾರೆ ಟೀಚರ್. ಯಾರು ತಟ್ಟಿದರೂ ನಾವು ಮಾತಾಡಬಾರದು" ಎಂದಳು.

ಅಂದು ಸಂಜೆ ಅವರ ಮನೆಗೆ ಹೋದೆ. ತಾಯಿ ಬೀಡಿ ಕಟ್ಟುತ್ತಾ ಕುಳಿತಿದ್ದರು. ಬಾಡಿಗೆ ರಿಕ್ಷಾ ಓಡಿಸುತ್ತಿದ್ದ ಗಂಡ ಕಾಲು ಮುರಿದುಕೊಂಡು ಮಲಗಿದ್ದರು. ಆಸ್ಪತ್ರೆಯ ಖರ್ಚಿಗೆಂದು ಆಕೆ ಒಂದು ಸಂಘದಿಂದ ಸಾಲ ತೆಗೆದಿದ್ದರು. ಅದರ ಕಂತು ಕಟ್ಟಲು ಇನ್ನೊಂದು ಸಂಘದಿಂದ, ಅದನ್ನು ತೀರಿಸಲು ಮತ್ತೊಂದರಿಂದ. ಮಹರ್ ಆಗಿ ಸಿಕ್ಕಿದ ಸರವೂ ಅಡವು ಸೇರಿತ್ತು. ರಾತ್ರಿ ನಿದ್ದೆಯಿಲ್ಲ, ಹಗಲು ತಲೆನೋವು, ಸಣ್ಣ ತಪ್ಪಿಗೂ ಮಕ್ಕಳಿಗೆ ಪೆಟ್ಟು. ಇಷ್ಟಾದರೂ ಅದೇ ಊರಿನಲ್ಲಿದ್ದ ಸ್ವಂತ ಅಣ್ಣನಿಗೆ ಒಂದು ಮಾತೂ ತಿಳಿದಿರಲಿಲ್ಲ.

"ಬಡ್ಡಿ ಹರಾಮ್ ಎಂದು ನನಗೂ ಗೊತ್ತು ಟೀಚರ್. ಹೇಳಿದರೆ ಮೊದಲು ಬೈಗುಳ ಸಿಗುತ್ತದೆ, ಆಮೇಲೆ ಮಾನ ಹೋಗುತ್ತದೆ" ಎಂದು ಕಣ್ಣೊರೆಸಿಕೊಂಡರು.

ಆ ಮಾತು ನನ್ನನ್ನು ಚುಚ್ಚಿತು. ಬಡ್ಡಿಯ ಕೆಡುಕಿನ ಬಗ್ಗೆ ನಾವು ಪಾಠ ಮಾಡುತ್ತೇವೆ. ಆದರೆ ಅದರಲ್ಲಿ ಸಿಲುಕಿದವಳು ಹೊರಬರಲು ಯಾವ ಬಾಗಿಲು ತಟ್ಟಬೇಕೆಂದು ಎಷ್ಟು ಸಲ ಹೇಳಿದ್ದೇವೆ?

ಕೇಳುವುದು ತಪ್ಪೇ?

ಬೇಡುವುದನ್ನು ಕಸುಬಾಗಿಸಿಕೊಳ್ಳುವುದನ್ನು ಇಸ್ಲಾಮ್ ಮೆಚ್ಚುವುದಿಲ್ಲ. ಆದರೆ ಕಷ್ಟದಲ್ಲಿರುವವನು ನೆರವು ಕೇಳುವುದು ಬೇರೆ. ಖಬೀಸಾ(ರ) ಎಂಬವರು ಇತರರ ಪರವಾಗಿ ಹೊಣೆ ಹೊತ್ತು ಸಾಲದಲ್ಲಿ ಸಿಲುಕಿ ಪ್ರವಾದಿ(ಸ)ಯವರ ಬಳಿಗೆ ಬಂದರು. ಪ್ರವಾದಿ(ಸ)ಯವರು ಅವರನ್ನು ಗದರಲಿಲ್ಲ. ಝಕಾತ್‌ನ ಸೊತ್ತು ಬರುವವರೆಗೆ ಇಲ್ಲೇ ಇರಿ, ಅದರಿಂದ ಕೊಡಿಸೋಣ ಎಂದರು. ಬಳಿಕ ಮೂವರಿಗೆ ಕೇಳುವ ಅನುಮತಿಯಿದೆ ಎಂದು ತಿಳಿಸಿದರು. ಇತರರ ಹೊಣೆ ಹೊತ್ತವನು, ಆಪತ್ತಿನಲ್ಲಿ ಸೊತ್ತು ಕಳಕೊಂಡವನು ಮತ್ತು ಕಡು ಬಡತನಕ್ಕೆ ಬಿದ್ದಿರುವನೆಂದು ಸ್ವಂತ ಜನರಲ್ಲಿ ಮೂವರು ವಿವೇಕಿಗಳು ಸಾಕ್ಷಿ ಹೇಳುವವನು. ಅದೂ ಅಗತ್ಯ ತೀರುವವರೆಗೆ ಮಾತ್ರ. ಮುಸ್ಲಿಮ್ ಹದೀಸ್ ಗ್ರಂಥದಲ್ಲಿ ಈ ವರದಿಯಿದೆ.

ಇದರಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ಕಷ್ಟ ನಮ್ಮವರಲ್ಲಿ ಕೆಲವರಿಗಾದರೂ ತಿಳಿದಿರಬೇಕು. ತಿಳಿಯದಿದ್ದರೆ ಸಾಕ್ಷಿ ಹೇಳುವವರು ಯಾರು?

ಝಕಾತ್‌ಗೆ ಅರ್ಹರಾದ ಎಂಟು ವಿಭಾಗಗಳಲ್ಲಿ ಸಾಲಗಾರರೂ ಒಂದು ವಿಭಾಗವೆಂದು ಕುರ್‌ಆನ್ (9:60) ಹೇಳಿದೆ. ಸಾಲಗಾರನು ಕಷ್ಟದಲ್ಲಿದ್ದರೆ ಅನುಕೂಲವಾಗುವ ತನಕ ಅವನಿಗೆ ಕಾಲಾವಕಾಶ ಕೊಡಬೇಕೆಂದೂ ಆದೇಶಿಸಿದೆ (2:280).

ಮೊದಲ ಹೆಜ್ಜೆ

ಸಹೋದರಿಯರೇ, ಮೊದಲು ಒಂದು ಕಾಗದದ ಮೇಲೆ ಎಲ್ಲವನ್ನೂ ಬರೆಯಿರಿ. ಯಾರಿಗೆ ಎಷ್ಟು, ಯಾವ ವಾರ ಎಷ್ಟು, ಮನೆಗೆ ಬರುವುದೆಷ್ಟು. ಅದನ್ನು ಪತಿಯ ಮುಂದಿಡಿ. ಬಳಿಕ ಅಣ್ಣ, ತಮ್ಮ, ಮಾವ ಹೀಗೆ ಗುಟ್ಟು ಕಾಪಾಡುವ ಒಬ್ಬರನ್ನು ಆರಿಸಿ ತೋರಿಸಿರಿ. ಸಾಲ ತೀರಿಸಲು ಹೊಸ ಸಾಲ ತೆಗೆಯುವುದನ್ನು ಅಂದೇ ನಿಲ್ಲಿಸಿರಿ. ಜಮಾಅತ್‌ನ ಝಕಾತ್ ಸಮಿತಿಗೆ ಆ ಪಟ್ಟಿಯೊಂದಿಗೆ ಅರ್ಜಿ ಕೊಡಿರಿ.

ಸಾಲ ಕೊಟ್ಟವರನ್ನು ಕಂಡು ಅಡಗಬೇಡಿ. ಕಚೇರಿಗೇ ಹೋಗಿ, ಕಂತು ಕಡಿಮೆ ಮಾಡಿ ಅವಧಿ ಹೆಚ್ಚಿಸುವಂತೆ ಲಿಖಿತವಾಗಿ ಕೇಳಿರಿ.

ಕಾನೂನಿನ ಬಾಗಿಲು

ಕಿರುಸಾಲ ಪಡೆದವರಿಗೆ ರಿಸರ್ವ್ ಬ್ಯಾಂಕ್ 2022ರ ನಿಯಮಗಳಲ್ಲಿ ಕೆಲವು ರಕ್ಷಣೆಗಳನ್ನು ಕೊಟ್ಟಿತು. ಒಂದು ಕುಟುಂಬದ ಎಲ್ಲ ಸಾಲಗಳ ಮಾಸಿಕ ಕಂತು ಸೇರಿ ಮಾಸಿಕ ಆದಾಯದ ಅರ್ಧವನ್ನು ಮೀರುವಂತೆ ಸಾಲ ಕೊಡಬಾರದು. ವಸೂಲಿಯವರು ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ಕರೆ ಮಾಡಬಾರದು. ಬೈಯುವುದು, ಬೆದರಿಸುವುದು, ಬಂಧುಗಳನ್ನು ಪೀಡಿಸುವುದು ಸಲ್ಲದು. ಮೊದಲು ಸಂಸ್ಥೆಗೇ ದೂರು ಕೊಡಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಮಾಹಿತಿಗೆ 14448 ಸಂಖ್ಯೆಯಿದೆ.

ನಮ್ಮ ರಾಜ್ಯದಲ್ಲಿಯೂ 2025ರ ಫೆಬ್ರವರಿಯಲ್ಲಿ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆ ಬಂತು. 10 ವರ್ಷಗಳವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಆದರೆ ಇದರಿಂದ ಎಲ್ಲ ಸಾಲವೂ ಮನ್ನಾ ಆಯಿತೆಂದು ಭಾವಿಸಬಾರದು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಸಂಸ್ಥೆಯ ಸಾಲವನ್ನು ತೀರಿಸಲೇಬೇಕು.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಹೆದರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ, ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಪ್ರಾಧಿಕಾರವನ್ನು ವಿಚಾರಿಸಿರಿ ಅಥವಾ 15100ಕ್ಕೆ ಕರೆ ಮಾಡಿರಿ.

ಮನಸ್ಸಿನ ಭಾರ

ನಮಾಝ್‌ನ ಸಮಯವಲ್ಲದ ಹೊತ್ತಿನಲ್ಲಿ ಮಸ್ಜಿದ್‌ನಲ್ಲಿ ಕುಳಿತಿದ್ದ ಅಬೂ ಉಮಾಮ ಎಂಬ ಅನ್ಸಾರಿಯನ್ನು ಕಂಡು, ಇಲ್ಲಿ ಯಾಕೆ ಕುಳಿತಿರುವಿರಿ ಎಂದು ಪ್ರವಾದಿ(ಸ)ಯವರೇ ವಿಚಾರಿಸಿದರು. ಚಿಂತೆ ಮತ್ತು ಸಾಲ ಎಂದು ಅವರು ಮರೆಮಾಚದೆ ಹೇಳಿದರು. ಆಗ ಕಲಿಸಲಾದ ಪ್ರಾರ್ಥನೆಯಲ್ಲಿ ಚಿಂತೆ, ದುಃಖ ಮತ್ತು ಸಾಲದ ಹೊರೆಯಿಂದ ಅಭಯ ಯಾಚಿಸುವುದರ ಜೊತೆಗೆ ಸೋಮಾರಿತನದಿಂದಲೂ ಅಭಯ ಯಾಚಿಸಲಾಗಿದೆ ಎಂದು ಅಬೂದಾವೂದ್‌ನ ವರದಿಯಲ್ಲಿದೆ. ಅಂದರೆ ಪ್ರಾರ್ಥನೆಯೂ ಬೇಕು, ಪ್ರಯತ್ನವೂ ಬೇಕು.

ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಅದು ಈಮಾನ್‌ನ ಕೊರತೆಯಲ್ಲ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕೇಳುವವರಿಗೂ ಒಂದು ಮಾತು

ಆ ತಾಯಿಯ ಅಣ್ಣ ವಿಷಯ ತಿಳಿದು ಬೈಯಲಿಲ್ಲ. "ಇಷ್ಟು ದಿನ ನನಗೇಕೆ ಹೇಳಲಿಲ್ಲ?" ಎಂದಷ್ಟೇ ಕೇಳಿದರು. ಒಂದು ಸಾಲವನ್ನು ಅವರೇ ತೀರಿಸಿದರು. ಇನ್ನೊಂದರ ಬಹುಪಾಲು ಜಮಾಅತ್‌ನ ಝಕಾತ್‌ನಿಂದ ಸಂದಾಯವಾಯಿತು. ಮೂರನೆಯದು ಇನ್ನೂ ಇದೆ, ಸಣ್ಣ ಕಂತುಗಳಲ್ಲಿ ತೀರುತ್ತಿದೆ. ಸರ ಮರಳಿ ಬಂದಿಲ್ಲ.

ಕಷ್ಟ ಹೇಳಿಕೊಂಡು ನಮ್ಮ ಮನೆಗೆ ಬಂದವಳ ಮಾತು ಮರುದಿನ ನೆರೆಮನೆಯ ಹರಟೆಯಾದರೆ ಅವಳು ಇನ್ನೆಂದೂ ಬಾಯಿ ತೆರೆಯಲಾರಳು. ಕೊಡಲು ಹಣ ಇಲ್ಲದಿರಬಹುದು. ಅವಳ ಜೊತೆ ಕಚೇರಿಗೆ ಹೋಗಲು, ಒಂದು ಅರ್ಜಿ ಬರೆದುಕೊಡಲು ನಮ್ಮಿಂದ ಆಗದೇ?

ಕಳೆದ ಮಂಗಳವಾರ ಆ ಹುಡುಗಿ ಮದ್ರಸಕ್ಕೆ ಬಂದಿದ್ದಳು. ಹೋಗುವಾಗ ಬಾಗಿಲಲ್ಲಿ ನಿಂತು, "ಟೀಚರ್, ಇವತ್ತು ನಮ್ಮ ಮನೆ ಬಾಗಿಲು ತೆಗೆದೇ ಇದೆ" ಎಂದಳು.